ಮೊದಲು ಮನೆಯ ವಿಚಾರ, ಆಮೇಲೆ ಉಳಿದದ್ದು

ಕ್ಯಾಲಿಫೋರ್ನಿಯಾದ ಸೆಂಟ್ರಲ್ ವ್ಯಾಲಿಯಲ್ಲಿ ಹದಿಹರೆಯದವರ ವೈದ್ಯೆಯಾಗಿ ನಾನು ನೋಡುವ ಮಕ್ಕಳಲ್ಲಿ ಹೆಚ್ಚಿನವರು ದ್ರಾಕ್ಷಿ, ಬಾದಾಮಿ ತೋಟಗಳಲ್ಲಿ ದುಡಿಯುವ ಹಿಸ್ಪಾನಿಕ್, ಅಂದರೆ ಸ್ಪ್ಯಾನಿಷ್ ಭಾಷಿಕ ಮೂಲದ ಕುಟುಂಬದವರು. ಅವರಲ್ಲಿ ಸಲಿಂಗಾಸಕ್ತರೂ ಉಭಯಲಿಂಗಾಸಕ್ತರೂ ಆದವರ ಬಳಿ ಕುಡಿತ, ವೇಪಿಂಗ್ (ಇ-ಸಿಗರೇಟ್ ಸೇದುವುದು), ಅಸುರಕ್ಷಿತ ಲೈಂಗಿಕ ಸಂಪರ್ಕ, ಆತ್ಮಹತ್ಯೆಯ ಯೋಚನೆ ಇವನ್ನೆಲ್ಲ ವಿಚಾರಿಸುವ ಮೊದಲು ನಾನು ಮನೆಯ ಬಗ್ಗೆ ಕೇಳುತ್ತೇನೆ.

ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ 1991ರಿಂದ ಎರಡು ವರ್ಷಕ್ಕೊಮ್ಮೆ ಪ್ರೌಢಶಾಲಾ ವಿದ್ಯಾರ್ಥಿಗಳ ಸಮೀಕ್ಷೆ ನಡೆಸುತ್ತಿದ್ದರೂ ಅದರ ರಾಷ್ಟ್ರೀಯ ಪ್ರಶ್ನಾವಳಿಗೆ ಲೈಂಗಿಕ ಗುರುತಿನ ಪ್ರಶ್ನೆ ಸೇರಿದ್ದು 2015ರಲ್ಲಿ. ಆ ವರ್ಷ ಸಲಿಂಗಾಸಕ್ತ, ಉಭಯಲಿಂಗಾಸಕ್ತ ವಿದ್ಯಾರ್ಥಿಗಳಲ್ಲಿ ಶೇ. 29.4ರಷ್ಟು ಮಂದಿ ಹಿಂದಿನ 12 ತಿಂಗಳಲ್ಲಿ ಆತ್ಮಹತ್ಯೆಗೆ ಯತ್ನಿಸಿದ್ದಾಗಿ ತಿಳಿಸಿದರು. ಭಿನ್ನಲಿಂಗಾಸಕ್ತರಲ್ಲಿ ಈ ಪ್ರಮಾಣ ಶೇ. 6.4. ಇದರ ಕಾರಣವನ್ನು ಮಕ್ಕಳ ಸ್ವಭಾವದಲ್ಲಿ ಹುಡುಕುವುದು ಅನ್ಯಾಯ. ಶಾಲೆಯ ಕಿರುಕುಳ ಮತ್ತು ಮನೆಯವರು ದೂರ ಮಾಡುವ ಭಯ ಇದರ ಹಿಂದಿವೆ. ಕುಟುಂಬವೇ ಸರ್ವಸ್ವವಾಗಿರುವ ಈ ಮನೆಗಳಲ್ಲಿ ಆ ಭಯ ಇನ್ನೂ ದೊಡ್ಡದು. ಅದೇ ಕುಟುಂಬ ಜೊತೆ ನಿಂತರೆ ಅದರಷ್ಟು ಗಟ್ಟಿಯಾದ ಆಸರೆಯೂ ಬೇರೆ ಇಲ್ಲ. ಮನೆಯವರು ಯಾವ ಕಡೆ ನಿಲ್ಲುತ್ತಾರೆಂದು ಮೊದಲೇ ತಿಳಿಯದ ಕಾರಣ ತಮ್ಮ ಒಲವನ್ನು ಮನೆಯಲ್ಲಿ ಹೇಳಿಕೊಳ್ಳುವಂತೆ ನಾನು ಯಾರನ್ನೂ ಒತ್ತಾಯಿಸುವುದಿಲ್ಲ.

ಎಲ್ಲ ಮಕ್ಕಳೊಡನೆಯೂ ಸ್ವಲ್ಪ ಹೊತ್ತು ಪ್ರತ್ಯೇಕವಾಗಿ ಮಾತನಾಡುವುದು ನಮ್ಮ ಪದ್ಧತಿಯೆಂದು ತಾಯಿಗೆ ಮೊದಲೇ ಸ್ಪ್ಯಾನಿಷ್‌ನಲ್ಲಿ ತಿಳಿಸುತ್ತೇನೆ. ದುಭಾಷಿ ಬೇಕಾದರೆ ಫೋನಿನಲ್ಲಿ ದೂರದವರನ್ನೇ ಕರೆಯುತ್ತೇನೆ, ಅಕ್ಕನನ್ನಾಗಲಿ ಊರಿನವರನ್ನಾಗಲಿ ಅಲ್ಲ.

ಗುರುತನ್ನೂ ನಡವಳಿಕೆಯನ್ನೂ ಬೇರೆಬೇರೆಯಾಗಿ ಕೇಳಬೇಕು. ತಾನು ಸಲಿಂಗಾಸಕ್ತೆ ಎನ್ನುವ ಹುಡುಗಿಗೆ ಹುಡುಗರೊಡನೆಯೂ ಸಂಪರ್ಕವಿರಬಹುದು, ಇಂತಹ ಹುಡುಗಿಯರಲ್ಲಿ ಗರ್ಭಧಾರಣೆ ಹೆಚ್ಚೆಂದು ಹಲವು ಅಧ್ಯಯನಗಳು ಕಂಡಿವೆ. ಹಾಗಾಗಿ ಗರ್ಭನಿರೋಧಕದ ಮಾತನ್ನು ಬಿಡುವುದಿಲ್ಲ. ಹುಡುಗರಿಗೆ ಎಚ್‌ಐವಿ ತಡೆಯುವ ಪ್ರೆಪ್ ಮಾತ್ರೆಯ ಬಗ್ಗೆ ಹೇಳುತ್ತೇನೆ. ಕನಿಷ್ಠ 35 ಕಿಲೋ ತೂಕವಿರುವ ಹದಿಹರೆಯದವರಿಗೆ ಅದನ್ನು ಕೊಡಲು 2018ರಲ್ಲೇ ಅನುಮತಿ ಸಿಕ್ಕಿದೆ.

ಈ ರಾಜ್ಯದಲ್ಲಿ 12 ವರ್ಷ ತುಂಬಿದವರು ಲೈಂಗಿಕ ಸೋಂಕಿನ ಪರೀಕ್ಷೆಗೆ ತಾವೇ ಒಪ್ಪಿಗೆ ಕೊಡಬಹುದು. ಆದರೆ ಯಾವ ಪರೀಕ್ಷೆ ನಡೆಯಿತೆಂದು ತಿಳಿಸುವ ವಿಮಾ ಕಂಪನಿಯ ಪತ್ರ ಮನೆಗೆ ಹೋದರೆ ಗುಟ್ಟು ಬಯಲಾಗುತ್ತದೆ. 2015ರಿಂದ ಜಾರಿಯಲ್ಲಿರುವ ಕಾನೂನಿನಂತೆ ಆ ಪತ್ರವನ್ನು ಬೇರೆ ವಿಳಾಸಕ್ಕೆ ತರಿಸಿಕೊಳ್ಳಲು ಅವಕಾಶವಿದೆ. ಅದರ ಅರ್ಜಿಯನ್ನು ರಕ್ತ ತೆಗೆಯುವುದಕ್ಕೆ ಮೊದಲೇ ತುಂಬಿಸುತ್ತೇನೆ.

ಆತ್ಮಹತ್ಯೆಯ ಬಗ್ಗೆ ನೇರವಾಗಿಯೇ ಕೇಳುತ್ತೇನೆ. ಪ್ರಾಣಾಪಾಯವಿದ್ದರೆ ಮನೆಯವರಿಗೆ ತಿಳಿಸಲೇಬೇಕಾಗುತ್ತದೆ ಎಂಬುದನ್ನು ಮಗುವಿಗೆ ಮಾತಿನ ಆರಂಭದಲ್ಲೇ ಹೇಳಿರುತ್ತೇನೆ. ಆಗಲೂ ತಾಯಿಗೆ ಅಪಾಯದ ವಿಷಯವನ್ನೂ ಮಾತ್ರೆಗಳನ್ನು ಬೀಗ ಹಾಕಿಡಬೇಕೆಂಬುದನ್ನೂ ಹೇಳುತ್ತೇನೆಯೇ ಹೊರತು ಮಗುವಿನ ಒಲವು ಯಾರ ಕಡೆಗೆಂಬುದನ್ನಲ್ಲ. ಆತ್ಮಹತ್ಯೆ ತಡೆಯ ಸಹಾಯವಾಣಿ 988ಕ್ಕೆ ಕರೆಮಾಡಿ 2 ಒತ್ತಿದರೆ ಸ್ಪ್ಯಾನಿಷ್‌ನಲ್ಲಿ ನೆರವು ಸಿಗುತ್ತದೆ. ಸಲಿಂಗಾಸಕ್ತ, ಉಭಯಲಿಂಗಾಸಕ್ತ ಮುಂತಾದ ಮಕ್ಕಳಿಗೆಂದೇ ಇದ್ದ 3ರ ಆಯ್ಕೆಯನ್ನು 2025ರ ಜುಲೈನಲ್ಲಿ ನಿಲ್ಲಿಸಿದ್ದು ನನಗೆ ತುಂಬ ನೋವಿನ ಸಂಗತಿ. ಅಂದಿನಿಂದ ಅಪಾಯದಲ್ಲಿರುವ ಮಕ್ಕಳನ್ನು ವಾರದೊಳಗೆ ಮತ್ತೆ ಕರೆಸಿ ನೋಡುತ್ತಿದ್ದೇನೆ.