ಇಜಿಎಫ್ ತಂದ ಸುದ್ದಿ ಜೀವಕೋಶದ ಒಳಗೆ ಹೋಗುವುದು ಹೇಗೆ? ಚಿತ್ರ ಬರೆದು ನೋಡಿ

ಗಾಯ ಮಾಯಬೇಕಾದರೆ ಚರ್ಮದ ಜೀವಕೋಶಗಳು ಒಡೆದು ಹೆಚ್ಚಾಗಬೇಕು. ಅದಕ್ಕೆ ಹೊರಗಿನಿಂದ ಸೂಚನೆ ಬರಬೇಕು. ಆ ಸೂಚನೆ ತರುವ ಪ್ರೊಟೀನ್‌ಗಳೇ ಗ್ರೋತ್ ಫ್ಯಾಕ್ಟರ್‌ಗಳು. ಅವುಗಳಲ್ಲಿ ಇಜಿಎಫ್ (ಎಪಿಡರ್ಮಲ್ ಗ್ರೋತ್ ಫ್ಯಾಕ್ಟರ್) ಒಂದು. ಸ್ಟಾನ್ಲಿ ಕೋಹೆನ್ ಇದನ್ನು ಇಲಿಯ ಜೊಲ್ಲಿನ ಗ್ರಂಥಿಯಲ್ಲಿ ಪತ್ತೆ ಮಾಡಿದರು. ಇದನ್ನು ಚುಚ್ಚಿದ ಇಲಿಮರಿಗಳು ಮಾಮೂಲಿಗಿಂತ ಬೇಗ ಕಣ್ಣು ಬಿಟ್ಟಿದ್ದವು! 1986ರಲ್ಲಿ ರೀಟಾ ಲೆವಿ-ಮೊಂಟಾಲ್ಚಿನಿ ಜೊತೆ ಕೋಹೆನ್ ಅವರಿಗೆ ನೊಬೆಲ್ ಬಂತು.

ಇದನ್ನು ಸುಮ್ನೆ ಓದಿದರೆ ತಲೆಯಲ್ಲಿ ನಿಲ್ಲುವುದಿಲ್ಲ. ಹಾಳೆ, ಪೆನ್ಸಿಲ್ ತೆಗೆದುಕೊಳ್ಳಿ.

1. ಇಜಿಎಫ್ ಬರೆಯಿರಿ. ಕೋಶ ಮೊದಲು 1,207 ಅಮೈನೊ ಆಮ್ಲಗಳ ಉದ್ದನೆಯ ಸರಪಳಿ ಕಟ್ಟುತ್ತದೆ. ಅದರಿಂದ ಕತ್ತರಿಸಿ ತೆಗೆದ 53ರ ತುಂಡೇ ಇಜಿಎಫ್. ಒಂದು ಗೆರೆ ಎಳೆದು ಅದರ ಮೇಲೆ ಆರು ಚುಕ್ಕಿ ಇಡಿ. ಇವು ಸಿಸ್ಟೀನ್‌ಗಳು, ಅಂದರೆ ಗಂಧಕ ಇರುವ ಅಮೈನೊ ಆಮ್ಲಗಳು. 1ಕ್ಕೆ 3, 2ಕ್ಕೆ 4, 5ಕ್ಕೆ 6 ಸೇರಿಸಿ. ಈ ಮೂರು ಗಂಧಕದ ಬೆಸುಗೆಗಳೇ ಅದರ ಆಕಾರವನ್ನು ಹಿಡಿದಿಡುತ್ತವೆ.

2. ರಿಸೆಪ್ಟರ್ ಬರೆಯಿರಿ. ಇಜಿಎಫ್ ತಂದ ಸೂಚನೆಯನ್ನು ಹಿಡಿಯುವ ಪ್ರೊಟೀನ್ ಇದು. ಕೋಶದ ಪೊರೆಗೆ ಅಡ್ಡಗೆರೆ ಹಾಕಿ. ಗೆರೆಯ ಮೇಲೆ, ಅಂದರೆ ಕೋಶದ ಹೊರಗೆ, ನಾಲ್ಕು ಭಾಗ ಬರೆದು 1ರಿಂದ 4ರವರೆಗೆ ಸಂಖ್ಯೆ ಹಾಕಿ. ಕೆಳಗೆ ಕೈನೇಸ್ ಎಂಬ, ಫಾಸ್ಫೇಟ್ ಅಂಟಿಸುವ ಕಿಣ್ವ, ಅದಕ್ಕೊಂದು ಬಾಲ. ಸುಮ್ಮನಿರುವಾಗ 2 ಮತ್ತು 4ನೇ ಭಾಗ ಒಂದಕ್ಕೊಂದು ಅಂಟಿಕೊಂಡು ಮಡಚಿರುತ್ತವೆ.

3. ಜೋಡಿ ಮಾಡಿ. ಇಡೀ ಚಿತ್ರದಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ ಹಂತ. ಇಜಿಎಫ್ ಬಂದು 1 ಮತ್ತು 3ನೇ ಭಾಗಗಳ ನಡುವೆ ಕೂರುತ್ತದೆ. ಮಡಿಕೆ ಬಿಚ್ಚುತ್ತದೆ. 2ನೇ ಭಾಗದಲ್ಲಿ ಅಡಗಿದ್ದ ತೋಳು ಹೊರಬಂದು ಪಕ್ಕದ ರಿಸೆಪ್ಟರ್ ಹಿಡಿಯುತ್ತದೆ. ಇಜಿಎಫ್ ನಡುವೆ ನಿಂತು ಎರಡನ್ನೂ ಜೋಡಿಸುತ್ತದೆ ಅನ್ನಿಸುತ್ತದೆ, ಅಲ್ವಾ? ಹಾಗಲ್ಲ. ರಿಸೆಪ್ಟರ್‌ಗಳು ನೇರವಾಗಿ ಒಂದನ್ನೊಂದು ಮುಟ್ಟುತ್ತವೆ. ಇಜಿಎಫ್‌ಗಳು ಹೊರಬದಿಯಲ್ಲಿ, ದೂರ ದೂರ ಇರುತ್ತವೆ. 2002ರಲ್ಲಿ ಈ ಜೋಡಿಯನ್ನು ಹರಳಾಗಿಸಿ ಅದರ ರಚನೆ ಪತ್ತೆ ಮಾಡಿದಾಗ ಇದು ಕಣ್ಣಿಗೆ ಕಂಡಿತು.

ಪೊರೆಯ ಒಳಗೆ ಎರಡು ಕೈನೇಸ್‌ಗಳನ್ನು ಎದುರುಬದುರು ಬರೆಯಬೇಡಿ. ಒಂದರ ಬುಡ ಇನ್ನೊಂದರ ತಲೆಗೆ ಒತ್ತುವಂತೆ ಬರೆಯಿರಿ. ಆ ಒತ್ತಡಕ್ಕೆ ಎರಡನೆಯದು ಚುರುಕಾಗಿ ಬಾಲದಲ್ಲಿರುವ ಟೈರೋಸಿನ್ ಎಂಬ ಅಮೈನೊ ಆಮ್ಲಗಳಿಗೆ ಫಾಸ್ಫೇಟ್ ಅಂಟಿಸುತ್ತದೆ.

4. ಬಾಣ ಎಳೆಯಿರಿ. ಫಾಸ್ಫೇಟ್ ಇರುವಲ್ಲಿ ಗ್ರಬ್2 ಎಂಬ ಪ್ರೊಟೀನ್ ಬಂದು ಕೂರುತ್ತದೆ. ಅದರ ಜೊತೆ ಎಸ್‌ಒಎಸ್. ಅಲ್ಲಿಂದ ರಾಸ್, ರಾಫ್, ಮೆಕ್, ಎರ್ಕ್. ಇವೂ ಪ್ರೊಟೀನ್‌ಗಳೇ, ಸೂಚನೆಯನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತವೆ. ಎರ್ಕ್ ಕೋಶಕೇಂದ್ರಕ್ಕೆ ಹೋಗಿ ಜೀನ್‌ಗಳನ್ನು ಎಬ್ಬಿಸುತ್ತದೆ.

5. ನಿಲ್ಲಿಸುವ ದಾರಿ ಬರೆಯಿರಿ. ಎಷ್ಟೋ ಚಿತ್ರಗಳಲ್ಲಿ ಇದನ್ನೇ ಬಿಟ್ಟಿರುತ್ತಾರೆ. ರಿಸೆಪ್ಟರ್ ಜೋಡಿಯನ್ನು ಕೋಶ ಒಳಗೆಳೆದುಕೊಳ್ಳುತ್ತದೆ. ಅದರಲ್ಲಿ ಒಂದು ಪಾಲನ್ನು ಲೈಸೊಸೋಮ್ ಎಂಬ, ಬೇಡವಾದದ್ದನ್ನು ಜೀರ್ಣಿಸುವ ಚೀಲದಲ್ಲಿ ಕರಗಿಸುತ್ತದೆ. ಹೀಗೆ ಸೂಚನೆ ನಿಲ್ಲದೇ ಹೋದರೆ ಕ್ಯಾನ್ಸರ್‌ಗೆ ದಾರಿಯಾಗಬಹುದು. ಕೆಲವು ಶ್ವಾಸಕೋಶದ ಕ್ಯಾನ್ಸರ್‌ಗಳಲ್ಲಿ ರಿಸೆಪ್ಟರ್‌ನ 858ನೇ ಜಾಗದಲ್ಲಿ ಲ್ಯೂಸಿನ್ ಬದಲು ಆರ್ಜಿನಿನ್ ಇರುತ್ತದೆ. ಆ ಒಂದೇ ಬದಲಾವಣೆಯಿಂದ ಇಜಿಎಫ್ ಬಾರದಿದ್ದರೂ ಕೈನೇಸ್ ಕೆಲಸ ಮಾಡುತ್ತದೆ. ಅಲ್ಲಿ ಕೈನೇಸನ್ನು ತಡೆಯುವ ಜೆಫಿಟಿನಿಬ್ ಮಾತ್ರೆ ಕೊಡುತ್ತಾರೆ. ನಿಮ್ಮ ಚಿತ್ರದ ಕೈನೇಸ್ ಮೇಲೆ ಅದಕ್ಕೊಂದು ಗುರುತು ಹಾಕಿ.

ಇನ್ನೊಂದು ಗುರುತು ಪೊರೆಯ ಹೊರಗೆ, 3ನೇ ಭಾಗದ ಮೇಲೆ ಬರಬೇಕು. ಬೆಂಗಳೂರಿನ ಬಯೋಕಾನ್ 2006ರಲ್ಲಿ ತಲೆ-ಕುತ್ತಿಗೆ ಕ್ಯಾನ್ಸರ್‌ಗೆಂದು ಮಾರುಕಟ್ಟೆಗೆ ತಂದ ನಿಮೊಟುಜುಮ್ಯಾಬ್ ಎಂಬ ಪ್ರತಿಕಾಯದ ಔಷಧ ಅಂಟುವುದು ಅಲ್ಲಿಗೆ. ಅದು ಕೂತಿದ್ದರೆ ಇಜಿಎಫ್‌ಗೆ ಜಾಗವಿಲ್ಲ.