ಮಳೆಗಾಲದ ತುರಿಕೆಯಿಂದ ಸುನ್ನತ್‌ವರೆಗೆ: ಕೊಡಗಿನ ಗಂಡಸರಿಗೊಂದು ಮರ್ಮಾಂಗ ಆರೈಕೆ ಕೈಪಿಡಿ

ಜೂನ್‌ನಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್ ತನಕ ಕೊಡಗಿನಲ್ಲಿ ಒಳಚಡ್ಡಿ ಪೂರ್ತಿ ಒಣಗುವುದೇ ಇಲ್ಲ. ಗಂಡಸರ ಮರ್ಮಾಂಗದ ತೊಂದರೆಗಳಲ್ಲಿ ಬಹಳಷ್ಟು ಶುರುವಾಗುವುದು ಅಲ್ಲಿಂದಲೇ. ಉಳಿದವಕ್ಕೆ ಸಕ್ಕರೆ ಕಾಯಿಲೆ, ಮೆಡಿಕಲ್ ಶಾಪಿನ ತಪ್ಪು ಟ್ಯೂಬು, ನಾಚಿಕೆಯಿಂದ ಆಗುವ ತಡ, ಇವು ಕಾರಣ. ಉದ್ದ ದಪ್ಪದ ಚಿಂತೆಗೆ ಜನ ಸುರಿಯುವ ದುಡ್ಡಿನಲ್ಲಿ ಕಾಲುಭಾಗ ಇವುಗಳ ಕಡೆ ತಿರುಗಿದರೂ ಸಾಕಿತ್ತು.

ತೊಡೆಸಂದಿನ ಹುಳುಕಡ್ಡಿ

ತೊಡೆಸಂದಿನಲ್ಲಿ ಕೆಂಪಗೆ, ಅಂಚು ಉಬ್ಬಿಕೊಂಡು, ನಡುಭಾಗ ತಿಳಿಯಾಗುತ್ತಾ ಹರಡುವ ತುರಿಕೆ ಹುಳುಕಡ್ಡಿ, ಶಿಲೀಂಧ್ರದ ಸೋಂಕು. ಇದು ಸಾಮಾನ್ಯವಾಗಿ ವೃಷಣದ ಚೀಲವನ್ನು ಬಿಟ್ಟು ತೊಡೆಯ ಕಡೆಗೆ ಹರಡುತ್ತದೆ. ಚೀಲವೇ ಕೆಂಪಾಗಿ ತುರಿಸುತ್ತಿದ್ದರೆ ಕಾರಣ ಬೇರೆ ಇರಬಹುದು, ಡಾಕ್ಟರಿಗೆ ತೋರಿಸಿ.

ಮದ್ದು ಹಚ್ಚುವ ಕ್ರಮ ಹೀಗೆ. ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಆ ಜಾಗಕ್ಕೇ ಮೀಸಲಾದ ಬಟ್ಟೆಯಿಂದ ಒತ್ತಿ ಒರೆಸಿ, ಐದು ನಿಮಿಷ ಗಾಳಿಯಾಡಲು ಬಿಡಿ. ಕ್ಲೋಟ್ರಿಮಜೋಲ್ 1% ಆದರೆ ದಿನಕ್ಕೆರಡು ಸಲ, ಲುಲಿಕೊನಜೋಲ್ 1% ಆದರೆ ಒಂದು ಸಲ. ಕಣ್ಣಿಗೆ ಕಾಣುವ ಅಂಚಿನಿಂದ 2 ಸೆಂಟಿಮೀಟರ್ ಹೊರಗೆ ಶುರುಮಾಡಿ ಒಳಕ್ಕೆ ಹಚ್ಚುತ್ತಾ ಬನ್ನಿ. ಕಲೆ ಮಾಯವಾದ ಮೇಲೂ ಇನ್ನೆರಡು ವಾರ ಬಿಡಬೇಡಿ. ತುರಿಕೆ ನಿಂತ ದಿನವೇ ಟ್ಯೂಬ್ ಮೂಲೆಗೆಸೆಯುವುದರಿಂದಲೇ ಹುಳುಕಡ್ಡಿ ವರ್ಷಗಟ್ಟಲೆ ಮರಳಿ ಬರುತ್ತಿರುತ್ತದೆ. ಈಗ ನಮ್ಮ ದೇಶದಲ್ಲಿ ಹರಡಿರುವ ಒಂದು ಬಗೆಯ ಶಿಲೀಂಧ್ರ ಟರ್ಬಿನಾಫಿನ್ ಎಂಬ ಮದ್ದಿಗೆ ಜಗ್ಗುವುದಿಲ್ಲ. ಹಾಗಾಗಿ ನಾಲ್ಕು ವಾರದಲ್ಲಿ ತಗ್ಗದಿದ್ದರೆ ಚರ್ಮದ ಡಾಕ್ಟರ ಹತ್ತಿರ ಹೋಗುವುದೇ ದಾರಿ.

ಟ್ಯೂಬಿನ ಮೇಲೆ ಕ್ಲೋಬೆಟಾಸೋಲ್ ಅಥವಾ ಬೆಟಾಮೆಥಾಸೋನ್ ಎಂಬ ಹೆಸರಿದ್ದರೆ ವಾಪಸ್ ಕೊಡಿ. ಇವು ಸ್ಟಿರಾಯ್ಡ್. ಮೂರ್ನಾಲ್ಕು ಮದ್ದು ಬೆರೆಸಿದ ಕ್ರೀಮುಗಳಲ್ಲಿ ಇವು ಅಡಗಿರುತ್ತವೆ. ಎರಡೇ ದಿನದಲ್ಲಿ ತುರಿಕೆ ನಿಲ್ಲುತ್ತದೆ, ಅದಕ್ಕೇ ಜನ ಮೆಚ್ಚುತ್ತಾರೆ. ಒಳಗೆ ಶಿಲೀಂಧ್ರ ಹಾಯಾಗಿ ಬೆಳೆಯುತ್ತಿರುತ್ತದೆ, ಮೇಲೆ ಚರ್ಮ ತೆಳ್ಳಗಾಗಿ ತೊಡೆಯ ಮೇಲೆ ಬಿರುಕುಗೆರೆ ಬೀಳುತ್ತದೆ. ಆ ಗೆರೆ ಮತ್ತೆ ಹೋಗುವುದಿಲ್ಲ.

ಒಳಚಡ್ಡಿ ಹತ್ತಿಯದ್ದಿರಲಿ, ಮಳೆಗಾಲಕ್ಕೆ ಆರೇಳು ಜೊತೆ ಬೇಕು. ಒಲೆಯ ಮೇಲಿನ ಕಟ್ಟಿಗೆಗೆ ನೇತುಹಾಕಿ ಒಣಗಿಸಿದರೂ ಹೊಲಿಗೆಯ ಜಾಗದಲ್ಲಿ ತೇವ ಉಳಿದಿರುತ್ತದೆ. ಒಳಮಗ್ಗಲು ಹೊರಗೆ ಮಾಡಿ ಹೊಲಿಗೆಯ ಮೇಲೆ ಇಸ್ತ್ರಿ ಎಳೆಯಿರಿ. ಗಂಬೂಟ್ ಹಾಕುವವರು ಕಾಲ್ಬೆರಳ ಸಂದಿಯನ್ನೂ ನೋಡಿಕೊಳ್ಳಬೇಕು. ಅಲ್ಲಿ ಬೆಳ್ಳಗೆ ಸಿಪ್ಪೆ ಏಳುತ್ತಿದ್ದರೆ ಅದೇ ಶಿಲೀಂಧ್ರ ಚಡ್ಡಿ ಏರಿಸುವಾಗ ತೊಡೆಸಂದಿಗೆ ಬರುತ್ತದೆ. ಮೊದಲು ಕಾಲುಚೀಲ, ಆಮೇಲೆ ಚಡ್ಡಿ ಹಾಕಿದರೆ ಈ ದಾರಿ ಮುಚ್ಚಿತು.

ತೋಟದಲ್ಲಿ

ಬೋರ್ಡೋ ದ್ರಾವಣ ಸಿಂಪಡಿಸುವವರು, ಕೀಟನಾಶಕ ಹೊಡೆಯುವವರು ಮೂತ್ರಕ್ಕೆ ಹೋಗುವ ಮೊದಲು ಸೋಪು ಹಾಕಿ ಕೈ ತೊಳೆಯಬೇಕು. ನಾವೆಲ್ಲ ಆಮೇಲೆ ತೊಳೆಯುತ್ತೇವೆ! ವೃಷಣದ ಚರ್ಮ ಮುಂಗೈ ಚರ್ಮಕ್ಕಿಂತ ಹಲವು ಪಟ್ಟು ಹೆಚ್ಚು ರಾಸಾಯನಿಕವನ್ನು ಹೀರಿಕೊಳ್ಳುತ್ತದೆ. ಗಾಂಧಾರಿ ಮೆಣಸು ಮುಟ್ಟಿದ ಕೈಯದೂ ಇದೇ ಕತೆ. ಮೆಣಸಿನ ಖಾರ ಎಣ್ಣೆಯಲ್ಲಿ ಕರಗುವಂಥದ್ದು, ಬರೀ ನೀರಿಗೆ ಹೋಗದು. ಉರಿ ಹತ್ತಿದರೆ ತೆಂಗಿನೆಣ್ಣೆ ಸವರಿ ಒರೆಸಿ, ಆಮೇಲೆ ಸೋಪು ನೀರಿನಲ್ಲಿ ತೊಳೆಯಿರಿ.

ಜಿಗಣೆ ಅಲ್ಲಿಗೇ ಹತ್ತಿದರೆ ಉಪ್ಪು, ಸುಣ್ಣ, ಬೀಡಿ ಬೆಂಕಿ ಯಾವುದೂ ಬೇಡ. ಸುಣ್ಣ ಆ ಚರ್ಮವನ್ನು ಸುಡುತ್ತದೆ. ಜಿಗಣೆಯ ಸಣ್ಣ ತುದಿ ಬಾಯಿ. ಅದರ ಪಕ್ಕದ ಚರ್ಮವನ್ನು ಬಿಗಿಹಿಡಿದು ಉಗುರನ್ನು ಅಡ್ಡಕ್ಕೆ ಜಾರಿಸಿ ಬಿಡಿಸಿ, ತಕ್ಷಣ ಇನ್ನೊಂದು ತುದಿಯನ್ನೂ ಎತ್ತಿ ಎಸೆಯಿರಿ. ಜಿಗಣೆಯ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡದು, ಆದ್ದರಿಂದ ಸ್ವಚ್ಛ ಬಟ್ಟೆಯಿಂದ ಪೂರ್ತಿ 15 ನಿಮಿಷ ಒತ್ತಿ ಹಿಡಿಯಿರಿ, ನಡುವೆ ತೆಗೆದು ಇಣುಕಬೇಡಿ. ಮೂತ್ರನಾಳದೊಳಕ್ಕೆ ಹೊಕ್ಕಿದ್ದರೆ ಎಳೆಯುವ ಸಾಹಸ ಬೇಡ, ಆಸ್ಪತ್ರೆಗೆ ಹೋಗಿ.

ಕಾಫಿ ಮೂಟೆ 50 ಕಿಲೋ. ಎತ್ತುವಾಗ ತೊಡೆಸಂದಿನಲ್ಲಿ ಗಂಟು ಎದ್ದು ಮಲಗಿದಾಗ ಒಳಹೋಗುತ್ತಿದ್ದರೆ ಅದು ಹರ್ನಿಯಾ. ಒಳಹೋಗದೆ ನೋವು, ವಾಂತಿ ಶುರುವಾದರೆ ಅವತ್ತೇ ಆಪರೇಷನ್.

ಮುಂದೊಗಲಿನ ಆರೈಕೆ

ಸುನ್ನತ್ ಆಗದ ಗಂಡಸರು ಸ್ನಾನದ ಹೊತ್ತಿಗೆ ದಿನಕ್ಕೊಮ್ಮೆ ಮುಂದೊಗಲನ್ನು ನೋಯದಷ್ಟು ಹಿಂದೆ ಸರಿಸಿ, ಬೆಚ್ಚಗಿನ ನೀರಿನಲ್ಲಿ ಬೆರಳಾಡಿಸಿ ತೊಳೆದರೆ ಆಯಿತು. ಒಳಗಿನ ಬಿಳಿ ಜಿಡ್ಡು ರೋಗವಲ್ಲ; ಸತ್ತ ಚರ್ಮ ಮತ್ತು ಎಣ್ಣೆ. ಡೆಟಾಲ್, ಸ್ಯಾವ್ಲಾನ್, ನಿಂಬೆರಸ ಹಾಕಿ ಉಜ್ಜಿದರೆ ತೆಳು ಪೊರೆ ಸುಟ್ಟು ನಿಜವಾದ ರೋಗ ಬರುತ್ತದೆ. ಒರೆಸಿದ ಮೇಲೆ ಮುಂದೊಗಲನ್ನು ಮುಂದಕ್ಕೆ ತರಲೇಬೇಕು. ಮರೆತರೆ ಅದು ಉಂಗುರದಂತೆ ಬಿಗಿದು, ತುದಿ ಬಾತು, ರಕ್ತಸಂಚಾರ ನಿಲ್ಲುತ್ತದೆ. ಹಾಗಾದರೆ ತುದಿಯನ್ನು ತಣ್ಣನೆಯ ಒದ್ದೆ ಬಟ್ಟೆಯಲ್ಲಿ ಸುತ್ತಿ, ಮುಷ್ಟಿಯಲ್ಲಿ ಒಂದೇ ಸಮನೆ 5 ನಿಮಿಷ ಒತ್ತಿ ಊತ ಇಳಿಸಿ. ಆಮೇಲೆ ಎರಡು ಹೆಬ್ಬೆರಳಿಂದ ತುದಿಯನ್ನು ಹಿಂದಕ್ಕೆ ಒತ್ತುತ್ತಾ, ಉಳಿದ ಬೆರಳುಗಳಿಂದ ಚರ್ಮವನ್ನು ಮುಂದಕ್ಕೆ ಎಳೆಯಿರಿ. ಬರಲಿಲ್ಲವೇ, ಎರಡನೇ ಪ್ರಯತ್ನ ಆಸ್ಪತ್ರೆಯಲ್ಲಿ.

ಗಂಡುಮಕ್ಕಳಲ್ಲಿ ಹುಟ್ಟುವಾಗ ಮುಂದೊಗಲು ಅಂಟಿಕೊಂಡೇ ಇರುತ್ತದೆ, ವರ್ಷಗಳ ಮೇಲೆ ತಾನೇ ಬಿಡಿಸಿಕೊಳ್ಳುತ್ತದೆ. ಎಣ್ಣೆ ಸ್ನಾನದ ಹೊತ್ತಿನಲ್ಲಿ ಅಜ್ಜಿಯರು ಜಗ್ಗಿ ಬಿಡಿಸುವುದು ಬೇಡ. ಸೀಳಿ, ಗಾಯದ ಕಲೆಯಾಗಿ, ನಿಜಕ್ಕೂ ಬಿಗಿಯಾಗುತ್ತದೆ.

ದೊಡ್ಡವರಲ್ಲಿ ತುದಿ ಕೆಂಪಾಗಿ, ಉರಿದು, ಮೊಸರಿನಂಥ ಬಿಳುಪು ಕೂತರೆ ಅದು ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕು. ಕ್ಲೋಟ್ರಿಮಜೋಲ್ 1% ದಿನಕ್ಕೆರಡು ಸಲ, 7ರಿಂದ 14 ದಿನ. ಹೆಂಡತಿಗೂ ತುರಿಕೆ, ಬಿಳಿಮುಟ್ಟು ಇದ್ದರೆ ಇಬ್ಬರೂ ಒಟ್ಟಿಗೆ ಚಿಕಿತ್ಸೆ ತಗೊಳ್ಳಬೇಕು. ಎರಡನೇ ಸಲ ಬಂತೆಂದರೆ ಖಾಲಿ ಹೊಟ್ಟೆಯ ಸಕ್ಕರೆ ಪರೀಕ್ಷೆ ಮಾಡಿಸಿ. 126 ಅಥವಾ ಅದಕ್ಕಿಂತ ಹೆಚ್ಚು ಬಂದು, ಇನ್ನೊಮ್ಮೆ ನೋಡಿದಾಗಲೂ ಹಾಗೇ ಇದ್ದರೆ ಸಕ್ಕರೆ ಕಾಯಿಲೆ. ಎಷ್ಟೋ ಗಂಡಸರಿಗೆ ಡಯಾಬಿಟಿಸ್ ಇರುವುದು ಮೊದಲು ಗೊತ್ತಾಗುವುದೇ ಇಲ್ಲಿಂದ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆ ನುಂಗುವವರಿಗೆ ಈ ಸೋಂಕು ಹೆಚ್ಚು, ಏಕೆಂದರೆ ಆ ಮಾತ್ರೆ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತದೆ. ತಾವೇ ಮಾತ್ರೆ ನಿಲ್ಲಿಸದೆ ಡಾಕ್ಟರಿಗೆ ಹೇಳಿ; ಮೂತ್ರವಾದ ಮೇಲೆ ತುದಿಯನ್ನು ನೀರಲ್ಲಿ ತೊಳೆದು ಒರೆಸಿಕೊಳ್ಳಿ.

ಮುಂದೊಗಲು ಹಿಂದೆ ಸರಿಯದವರಿಗೆಲ್ಲ ಆಪರೇಷನ್ ಬೇಕಿಲ್ಲ. ಬೆಟಾಮೆಥಾಸೋನ್ 0.05% ಕ್ರೀಮನ್ನು ಬಿಗಿ ಇರುವ ಉಂಗುರಕ್ಕಷ್ಟೇ ದಿನಕ್ಕೆರಡು ಸಲ, 4ರಿಂದ 8 ವಾರ ಹಚ್ಚಿ ಮೆಲ್ಲಗೆ ಹಿಗ್ಗಿಸುತ್ತಾ ಬಂದರೆ ಅನೇಕರಿಗೆ ಸಡಿಲವಾಗುತ್ತದೆ. ತೊಡೆಸಂದಿಗೆ ಬೇಡವೆಂದ ಮದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ, ಆದರೆ ಡಾಕ್ಟರ ಚೀಟಿಯ ಮೇಲೆ. ಚರ್ಮ ಬಿಳಿಚಿ, ಗಟ್ಟಿಯಾಗಿ, ಬಿರಿಯುತ್ತಿದ್ದರೆ ಮಾತ್ರ ತೆಗೆಸುವುದೇ ಮೇಲು.

ಸುನ್ನತ್

ಜಿಲ್ಲೆಯ ಮಾಪಿಳ್ಳೆ, ಬ್ಯಾರಿ ಕುಟುಂಬಗಳು ಶಾಫಿ ಪದ್ಧತಿಯವು. ಅದರಲ್ಲಿ ಸುನ್ನತ್ ಕಡ್ಡಾಯ. ಉರ್ದು ಮಾತಾಡುವ ಹನಫಿ ಕುಟುಂಬಗಳಲ್ಲಿ ಅದು ಬಿಡಬಾರದ ಆಚರಣೆ. ಏಳನೆಯ ದಿನ ಒಳ್ಳೆಯದೆನ್ನುವುದುಂಟು, ಆದರೆ ತಡವಾಗಿ ಮಾಡಿಸಲು ಅಡ್ಡಿಯಿಲ್ಲ. ಆದ್ದರಿಂದ ಮಗುವಿಗೆ ಜ್ವರ, ಕಾಮಾಲೆ, ಕಡಿಮೆ ತೂಕ ಇದ್ದಾಗ ಆತುರ ಬೇಡ. ಹಿಂದೆ ಮಾಪಿಳ್ಳೆಗಳಲ್ಲಿ ಒಸ್ಸಾನ್ ಎಂಬ ಕ್ಷೌರಿಕರು ಮನೆಗೆ ಬಂದು ಮಾಡುತ್ತಿದ್ದರು. ಅವರ ಕೈಚಳಕ ದೊಡ್ಡದೇ. ಆದರೆ ಒಂದೇ ಕತ್ತಿ ಹಲವರ ಮೇಲೆ ಆಡಿದರೆ ಹೆಪಟೈಟಿಸ್ ಬಿ, ಎಚ್‌ಐವಿ ದಾಟುವ ಅಪಾಯವಿದೆ, ಜೊತೆಗೆ ಧನುರ್ವಾಯು. ನೋವಿಗೆ ಇಂಜೆಕ್ಷನ್ ಕೂಡ ಇಲ್ಲ. ದುಆ, ಊಟ, ನೆಂಟರು ಮನೆಯಲ್ಲಿರಲಿ, ಕತ್ತರಿ ಆಸ್ಪತ್ರೆಯಲ್ಲಿರಲಿ.

ಮಾಡಿಸುವ ಮುನ್ನ ಎರಡು ವಿಷಯ ತಪ್ಪದೆ ಹೇಳಿ. ತಾಯಿಯ ಕಡೆ ಗಂಡಸರಲ್ಲಿ ಯಾರಿಗಾದರೂ ಹಲ್ಲು ಕಿತ್ತಾಗ, ಗಾಯವಾದಾಗ ರಕ್ತ ನಿಲ್ಲದ ತೊಂದರೆ ಇತ್ತೇ? ಹಿಮೋಫಿಲಿಯಾ ಇದ್ದರೆ ಸಣ್ಣ ಸುನ್ನತ್ ಕೂಡ ಪ್ರಾಣಕ್ಕೆ ಬರುತ್ತದೆ. ಎರಡನೆಯದು, ಮೂತ್ರದ ರಂಧ್ರ ತುದಿಯಲ್ಲಿಲ್ಲದೆ ಕೆಳಭಾಗದಲ್ಲಿದೆಯೇ? ಇದ್ದರೆ ಸುನ್ನತ್ ಮಾಡಲೇಬಾರದು. ರಂಧ್ರ ಸರಿಪಡಿಸುವ ಆಪರೇಷನ್‌ಗೆ ಅದೇ ಮುಂದೊಗಲಿನ ಚರ್ಮ ಬೇಕು. ಕೆಲವರು ಇದನ್ನು ‘ಹುಟ್ಟಾ ಸುನ್ನತ್’ ಎಂದು ಸಂಭ್ರಮಿಸುತ್ತಾರೆ. ಸಂಭ್ರಮದ ಬದಲು ಮಕ್ಕಳ ಸರ್ಜನ್‌ಗೆ ತೋರಿಸಬೇಕು.

ಮರಗಟ್ಟಿಸಲು ಲಿಗ್ನೊಕೇನ್, ಅದೂ ಅಡ್ರಿನಲಿನ್ ಬೆರೆಸದ್ದು. ಚಿಕ್ಕ ಮಕ್ಕಳಿಗೆ ಪ್ಲಾಸ್ಟಿಕ್ ಉಂಗುರ ಕಟ್ಟುವುದುಂಟು, ಅದು ಸುಮಾರು 5ರಿಂದ 10 ದಿನದಲ್ಲಿ ತಾನೇ ಉದುರುತ್ತದೆ. ಹತ್ತು ದಿನ ದಾಟಿದರೆ, ಅಥವಾ ಉಂಗುರ ಹಿಂದಕ್ಕೆ ಜಾರಿ ಬಿಗಿದರೆ ಕೂಡಲೇ ಹೋಗಿ. ದೊಡ್ಡವರಿಗೆ ಹೊಲಿಗೆ ಅಥವಾ ಸ್ಟೇಪ್ಲರ್. ಬೋರ್ಡಿನಲ್ಲಿ ‘ಲೇಸರ್’ ಎಂದು ಬರೆದ ಮಾತ್ರಕ್ಕೆ ಹೆಚ್ಚು ದುಡ್ಡು ಕೊಡಬೇಡಿ. ಒಳಗೆ ನಡೆಯುವುದು ಬಹಳ ಸಲ ಸ್ಟೇಪ್ಲರೇ, ಯಾವುದೆಂದು ಕೇಳಿ ತಿಳಿದುಕೊಳ್ಳಿ.

ಆಮೇಲಿನ ಆರೈಕೆಯಲ್ಲೇ ಹೆಚ್ಚು ಎಡವಟ್ಟು. ಪಟ್ಟಿಯನ್ನು 24ರಿಂದ 48 ಗಂಟೆ ಬಿಡಿ. ತೆಗೆಯುವಾಗ ಅಂಟಿದ್ದರೆ ಬೆಚ್ಚಗಿನ ನೀರಿನಲ್ಲಿ ನೆನೆಸಿ ಬಿಡಿಸಿ, ಕೀಳಬೇಡಿ. ಗಾಯಕ್ಕೆ ಕಾಫಿಪುಡಿ, ಅರಿಶಿಣ, ಬೂದಿ ಹಾಕಬೇಡಿ. ವ್ಯಾಸಲೀನ್ ತೆಳ್ಳಗೆ ಹಚ್ಚಿದರೆ ಬಟ್ಟೆ ಅಂಟುವುದಿಲ್ಲ. ಮೂರನೆಯ ದಿನದ ಹೊತ್ತಿಗೆ ತುದಿಯ ಮೇಲೆ ಹಳದಿ ಪೊರೆ ಕಟ್ಟುವುದು ಕೀವಲ್ಲ, ಗಾಯ ಮಾಯುವ ಲಕ್ಷಣ. ಉಜ್ಜಿ ತೆಗೆದರೆ ಮತ್ತೆ ಹಸಿಯಾಗುತ್ತದೆ. ದೊಡ್ಡವರಿಗೆ ನೋವಿಗೆ ಪ್ಯಾರಸಿಟಮಾಲ್. ಆಸ್ಪಿರಿನ್ ಬೇಡ, ರಕ್ತ ಸೋರುತ್ತದೆ. ಬೆಳಗಿನ ಜಾವ ಅಂಗ ನಿಮಿರಿ ಹೊಲಿಗೆ ಎಳೆದರೆ ಎದ್ದು ಮೂತ್ರ ಮಾಡಿ ನಾಲ್ಕು ಹೆಜ್ಜೆ ನಡೆಯಿರಿ. ಹೊಲಿಗೆ ಎರಡು ಮೂರು ವಾರದಲ್ಲಿ ಕರಗುತ್ತದೆ. ಸಂಭೋಗ, ಹಸ್ತಮೈಥುನ ಎರಡೂ 6 ವಾರ ಇಲ್ಲ. ರಕ್ತ ಬಂದರೆ 10 ನಿಮಿಷ ಒತ್ತಿ. ನಿಲ್ಲದಿದ್ದರೆ, ಇಲ್ಲವೇ ಮೂತ್ರ ಕಟ್ಟಿದರೆ, ಜ್ವರ ಬಂದರೆ ಆಸ್ಪತ್ರೆಗೆ. ಬೇಸಿಗೆ ರಜೆಯಲ್ಲೇ ಮಾಡಿಸಿದರೆ ಒದ್ದೆ ಬಟ್ಟೆಯ ಗೋಳು ತಪ್ಪುತ್ತದೆ.

ಧರ್ಮದ ಕಾರಣವಿಲ್ಲದವರು ಎಚ್‌ಐವಿ ಭಯಕ್ಕೆ ಸುನ್ನತ್ ಮಾಡಿಸಬೇಕೇ? ದಕ್ಷಿಣ ಆಫ್ರಿಕಾ, ಕೆನ್ಯಾ, ಉಗಾಂಡಗಳ ಪ್ರಯೋಗಗಳಲ್ಲಿ ಹೆಣ್ಣಿಂದ ಗಂಡಿಗೆ ಸೋಂಕು ದಾಟುವುದು ಸುಮಾರು 60% ತಗ್ಗಿತು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಲಹೆ ಕೊಟ್ಟದ್ದು ಎಚ್‌ಐವಿ ವಿಪರೀತ ಇರುವ ನಾಡುಗಳಿಗೆ. ನಮ್ಮಲ್ಲಿ ಕಾಂಡೋಮ್ ಸಾಕು, ಮತ್ತು ಸುನ್ನತ್ ಆದವರಿಗೂ ಅದು ಬೇಕು.

ಉದ್ದ, ದಪ್ಪ

2015ರಲ್ಲಿ ಬಂದ ಅಧ್ಯಯನವೊಂದು ಹಲವು ದೇಶಗಳ 15,000ಕ್ಕೂ ಹೆಚ್ಚು ಗಂಡಸರ ಅಳತೆ ಒಟ್ಟುಗೂಡಿಸಿತು. ನಿಮಿರಿದಾಗ ಸರಾಸರಿ ಉದ್ದ 13.1 ಸೆಂಟಿಮೀಟರ್, ಸುತ್ತಳತೆ 11.7. ಅಳೆಯುವುದಾದರೆ ಸ್ಕೇಲನ್ನು ಮೇಲ್ಭಾಗದಲ್ಲಿಟ್ಟು ಕೊಬ್ಬು ಒತ್ತಿ ಮೂಳೆಗೆ ತಾಗಿಸಿ, ತುದಿಯವರೆಗೆ ನೋಡಿ. ಹೊಟ್ಟೆ ಬಂದವರಿಗೆ ಚಿಕ್ಕದಾಗಿ ಕಾಣುವುದು ಆ ಕೊಬ್ಬಿನಿಂದ. ತೂಕ ಇಳಿಸಿದರೆ ಹೊರಗೆ ಕಾಣುವ ಉದ್ದ ಹೆಚ್ಚುತ್ತದೆ. ನೋವಿಲ್ಲದ, ದುಡ್ಡಿಲ್ಲದ ಉಪಾಯ ಇದೊಂದೇ.

ಎಣ್ಣೆ ತಿಕ್ಕಿ ಬೆಳೆಸಲು ಅದು ಮಾಂಸಖಂಡವಲ್ಲ, ರಕ್ತ ತುಂಬುವ ಸ್ಪಂಜಿನಂಥ ಅಂಗಾಂಶ. ಜಗ್ಗಿ ಹಿಂಡುವ ಕಸರತ್ತಿನಿಂದ ಒಳಗೆ ಗಾಯವಾಗಿ, ಗಂಟು ಕಟ್ಟಿ, ಅಂಗ ಸೊಟ್ಟಗಾಗಬಹುದು. ವ್ಯಾಕ್ಯೂಮ್ ಪಂಪ್ ನಿಮಿರು ದೌರ್ಬಲ್ಯಕ್ಕೆ ನಿಜವಾದ ಸಾಧನ, ಬೆಳೆಸುವುದಿಲ್ಲ. ಬುಡದ ರಬ್ಬರ್ ಉಂಗುರ 30 ನಿಮಿಷ ಮೀರಬಾರದು. ಎಳೆಯುವ ಸಾಧನ ದಿನಕ್ಕೆ ಗಂಟೆಗಟ್ಟಲೆ, ತಿಂಗಳುಗಟ್ಟಲೆ ಹಾಕಿದರೆ ಒಂದೆರಡು ಸೆಂಟಿಮೀಟರ್ ಸಿಗಬಹುದು, ಅಷ್ಟೇ. ತೆಂಗಿನೆಣ್ಣೆ, ಪ್ಯಾರಫಿನ್, ವ್ಯಾಸಲೀನ್ ಚುಚ್ಚಿಕೊಳ್ಳುವುದು ಎಲ್ಲಕ್ಕಿಂತ ಕೆಟ್ಟದ್ದು. ಅದು ಕರಗದು, ಗಂಟಾಗಿ, ಹುಣ್ಣಾಗಿ, ಕೊನೆಗೆ ಚರ್ಮವನ್ನೇ ಕೆತ್ತಿ ತೆಗೆಯಬೇಕಾಗುತ್ತದೆ.

ರಸ್ತೆಬದಿ ಟೆಂಟಿನ ‘ಶಕ್ತಿ’ ಪುಡಿಗಳಲ್ಲಿ ಸಿಲ್ಡೆನಾಫಿಲ್ (ವಯಾಗ್ರದಲ್ಲಿರುವ ಮದ್ದು) ಕದ್ದು ಬೆರೆಸುವುದುಂಟು. ಎದೆನೋವಿಗೆ ಸೋರ್ಬಿಟ್ರೇಟ್‌ನಂಥ ಮಾತ್ರೆ ತಗೊಳ್ಳುವವರು ಅದನ್ನು ನುಂಗಿದರೆ ಬಿಪಿ ಕುಸಿದು ಸಾಯಬಹುದು. ಇಂಥ ಪುಡಿಗಳ ಜಾಹೀರಾತನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆಯೇ ನಿಷೇಧಿಸಿದೆ. ಉಡದ ಎಣ್ಣೆಗೆ ಯಾವ ಗುಣವೂ ಇಲ್ಲ; ಉಡ ಹಿಡಿಯುವುದು ವನ್ಯಜೀವಿ ಕಾಯ್ದೆಯಲ್ಲಿ ಜೈಲು.

ನಿಮಿರುವುದೇ ಕಡಿಮೆಯಾಗಿದ್ದರೆ ಲಕ್ಷ್ಯ ಹೃದಯದ ಕಡೆ ಇರಬೇಕು. ಶಿಶ್ನದ ರಕ್ತನಾಳ ಹೃದಯದ ನಾಳಕ್ಕಿಂತ ಸಣ್ಣ, ಹಾಗಾಗಿ ಮೊದಲು ಕಟ್ಟುವುದು ಅದೇ. ಸಕ್ಕರೆ, ಬಿಪಿ, ಕೊಲೆಸ್ಟರಾಲ್, ಇಸಿಜಿ ನೋಡಿಸಿ, ಬೀಡಿ ಬಿಡಿ, ಸಂಜೆಯ ಪೆಗ್ಗನ್ನು ಎಣಿಸಿ.

ಗಡಿಯಾರ ನೋಡಬೇಕಾದ ಹೊತ್ತು

ಒಂದು ಬೀಜ (ವೃಷಣ) ಇದ್ದಕ್ಕಿದ್ದಂತೆ ವಿಪರೀತ ನೋವಾಗಿ, ಮೇಲೆ ಸರಿದು, ವಾಂತಿ ಬಂದರೆ ಬೀಜ ತಿರುಚಿಕೊಂಡಿದೆ ಎಂದೇ ಲೆಕ್ಕ, ಹದಿಹರೆಯದವರಲ್ಲಿ ಹೆಚ್ಚು. 6 ಗಂಟೆಯೊಳಗೆ ಆಪರೇಷನ್ ಆದರೆ ಸಾಮಾನ್ಯವಾಗಿ ಉಳಿಯುತ್ತದೆ. ದೂರದ ಬಿರುನಾಣಿಯಿಂದಲೋ ಭಾಗಮಂಡಲದಿಂದಲೋ ಹೊರಡುವವರು ಬೆಳಗಾಗಲಿ ಎಂದು ಕಾಯಬಾರದು. ಮಳೆಗೆ ಮರ ಬಿದ್ದು ರಸ್ತೆ ಕಟ್ಟುವ ಕಾಲದಲ್ಲಂತೂ ನೋವು ಬಂದ ಕ್ಷಣವೇ 108ಕ್ಕೆ ಫೋನ್ ಮಾಡಿ, ಸರ್ಜನ್ ಇದ್ದಾರೆಯೇ ಎಂದು ವಿಚಾರಿಸಿಯೇ ಹೊರಡಿ. ಹೊಟ್ಟೆ ಖಾಲಿ ಇರಲಿ, ನೀರೂ ಬೇಡ. 4 ಗಂಟೆ ದಾಟಿದರೂ ಇಳಿಯದ ನಿಮಿರು, ಸಂಭೋಗದ ನಡುವೆ ಟಪ್ಪೆಂದು ಸದ್ದಾಗಿ ಊದಿ ನೀಲಿಗಟ್ಟುವುದು, ಸಕ್ಕರೆ ಕಾಯಿಲೆಯವರಿಗೆ ಜ್ವರದ ಜೊತೆ ಚೀಲದ ಚರ್ಮ ಕಪ್ಪಾಗುವುದು, ಇವೂ ಅದೇ ಸಾಲಿನವು.

ನೋವಿಲ್ಲದ ಗಟ್ಟಿ ಗಂಟು ತುರ್ತಲ್ಲ, ಆದರೆ ಅದೇ ವಾರ ತೋರಿಸಬೇಕು. ತಿಂಗಳಿಗೊಮ್ಮೆ ಬಿಸಿನೀರಿನ ಸ್ನಾನವಾದ ಮೇಲೆ ಒಂದೊಂದೇ ಬೀಜವನ್ನು ಹೆಬ್ಬೆರಳು ಮತ್ತು ಬೆರಳುಗಳ ನಡುವೆ ಉರುಳಿಸಿ ನೋಡಿ. ಹಿಂಭಾಗದ ಮೆತ್ತನೆಯ ಸುರುಳಿ ಸಹಜ. 15ರಿಂದ 40ರ ವಯಸ್ಸಿನವರು ಇದನ್ನು ಬಿಡಬಾರದು. ಬೀಜದ ಕ್ಯಾನ್ಸರ್ ಬರುವುದು ಹೆಚ್ಚಾಗಿ ಆ ಪ್ರಾಯದಲ್ಲೇ, ಬೇಗ ಸಿಕ್ಕರೆ ಬಹುಪಾಲು ಗುಣವಾಗುತ್ತದೆ.

ಹುಣ್ಣು, ಕೀವು, ಮೂತ್ರದ ಉರಿಗೆ ಸರ್ಕಾರಿ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್‌ನಲ್ಲಿ ಪರೀಕ್ಷೆ, ಮಾತ್ರೆ ಉಚಿತ. ಎಚ್‌ಐವಿ ಬಗ್ಗೆ ಕೇಳಲು 1097. ಹೋಗುವಾಗ ಈವರೆಗೆ ಹಚ್ಚಿದ ಎಲ್ಲ ಟ್ಯೂಬುಗಳನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಖಾಲಿಯಾದವನ್ನೂ ಸೇರಿಸಿ. ಚೀಟಿ ಮಾಡಿಸುವಲ್ಲಿ ಜನ ನಿಂತಿದ್ದರೆ ‘ಚರ್ಮದ ತೊಂದರೆ’ ಅಥವಾ ‘ಮೂತ್ರದ ತೊಂದರೆ’ ಎಂದರೆ ಸಾಕು. ಉಳಿದದ್ದನ್ನು ಒಳಗೆ ಡಾಕ್ಟರ ಮುಂದೆ ಹೇಳಿ.