ಬೆಂಚಿಗೆ ಕಾಲು ಕರಿಜಾಲಿ, ಮೇಲ್ಹಲಗೆ ಹಳೇ ಹೊನ್ನೆ ತೊಲೆ

ಮರಗೆಲಸಕ್ಕೆ ಬೆಂಚು ಮಾಡ್ಕೋಬೇಕು ಅಂದ ತಕ್ಷಣ ದಾವಣಗೆರೇಲಿ ಎಲ್ರೂ ಹೇಳೋದು ಒಂದೇ, ತೇಗ ತಗೊಂಡ್ಬಿಡಿ, ಮಕ್ಕಳ ಕಾಲಕ್ಕೂ ಬರುತ್ತೆ. ಬರುತ್ತೆ, ಇಲ್ಲ ಅನ್ನಲ್ಲ. ಆದ್ರೆ ತೇಗದ ದೊಡ್ಡ ಗುಣ ಅಂದ್ರೆ ಮಳೆ ಬಿಸಿಲು ಗೆದ್ದಲು ತಡ್ಕೊಳ್ಳೋದು, ಶೆಡ್ ಒಳಗೆ ನಿಲ್ಲೋ ಬೆಂಚಿಗೆ ಆ ಗುಣಕ್ಕೆ ಅಷ್ಟು ದುಡ್ಡು ಸುರಿಯೋದ್ಯಾಕೆ? ಬೆಂಚಿಗೆ ಬೇಕಾಗಿರೋದು ತೂಕ. ರಂದ ಹೊಡೆಯುವಾಗ ಅದು ಜಾರಬಾರದು, ಉಳಿ ಮೇಲೆ ಕೊಡತಿ ಬಿದ್ರೆ ಕುಣಿಯಬಾರದು. ಒಣಗಿದ ತೇಗ ಒಂದು ಸಿಎಫ್‌ಟಿಗೆ, ಅಂದ್ರೆ ಒಂದು ಘನ ಅಡಿಗೆ, ಹತ್ತಿರಹತ್ತಿರ 18 ಕೆಜಿ ತೂಗುತ್ತೆ, ನಮ್ಮ ಕರಿಜಾಲಿ 22ರ ಮೇಲೆ. ಹಾಗಾಗಿ ಕಾಲಿಗೆ, ಅಡ್ಡಪಟ್ಟಿಗೆ ಕರಿಜಾಲಿನೇ ಅಂತ ತೀರ್ಮಾನ ಮಾಡ್ದೆ.

ಕರಿಜಾಲಿ ನಮ್ಮ ಕಡೆಯವರಿಗೇನು ಹೊಸದಲ್ಲ, ಎತ್ತಿನಗಾಡಿ ಗಾಲಿ, ನೇಗಿಲು, ಕುಂಟೆ ಎಲ್ಲಾ ಅದ್ರಲ್ಲೇ ಮಾಡ್ತಿದ್ರು. ಸಮಸ್ಯೆ ಏನಂದ್ರೆ ಉದ್ದ ನೇರವಾದ ದಿಮ್ಮಿ ಸಿಗೋದು ಕಷ್ಟ, ಕಾಂಡ ಬೇಗ ಕವಲೊಡೆಯುತ್ತೆ. ಆದ್ರೆ ಕಾಲಿಗೆ ಬೇಕಾಗಿರೋದು ಮೂರಡಿ ಒಳಗಿನ ತುಂಡು ತಾನೆ, ಅದು ಧಾರಾಳವಾಗಿ ಸಿಗುತ್ತೆ. ಇನ್ನೊಂದು, ಹೊರಗಿನ ಬಿಳಿ ಭಾಗಕ್ಕೆ ಹುಳ ಬಹಳ ಬೇಗ ಬೀಳುತ್ತೆ. ಸಾ ಮಿಲ್ಲಲ್ಲಿ ಒಬ್ರು ವಯಸ್ಸಾದ ಮೇಸ್ತ್ರಿ ಇದ್ರು, ಗಾಡಿ ಕೆಲಸ ಮಾಡಿ ಬಂದವರು, "ಹಸಿ ಮರ ತಗೊಂಡ್ರೆ ನೀರಾಗೆ ಹಾಕಿದ್ದು ತಗೋ ತಮ್ಮಾ, ಹಂಗೇ ಬಿದ್ದಿದ್ದು ಬ್ಯಾಡ" ಅಂದ್ರು. ಮೊದಲಿಂದ್ಲೂ ಗಾಡಿ ಮಾಡೋರು ಜಾಲಿ ದಿಮ್ಮೀನ ಕೆರೇಲೋ ಹೊಂಡದಲ್ಲೋ ತಿಂಗಳುಗಟ್ಟಲೆ ಮುಳುಗಿಸಿಡ್ತಿದ್ರಂತೆ. ಅದರಲ್ಲಿ ಅರ್ಥ ಇದೆ, ಹುಳ ಬರೋದೇ ಮರದಲ್ಲಿರೋ ಪಿಷ್ಟ ತಿನ್ನೋಕೆ, ನೀರಲ್ಲಿಟ್ರೆ ಅದು ಕಮ್ಮಿಯಾಗುತ್ತೆ, ಆಮೇಲೆ ಒಣಗುವಾಗ ಸೀಳೋದೂ ಕಮ್ಮಿ. ನಾನು ನೀರಲ್ಲಿ ಹಾಕಿದ್ದೇ ಹುಡುಕಿ ತಂದು, ಬಿಳಿ ಭಾಗ ಪೂರ್ತಿ ತೆಗೆಸಿ, ಒಳಗಿನ ಗಟ್ಟಿ ಭಾಗ, ಅಂದ್ರೆ ಚೇಗು ಮಾತ್ರ ನಾಲ್ಕು ಇಂಚು ಚೌಕಕ್ಕೆ ಕೊಯ್ಯಿಸ್ದೆ. ಮರದ ನಡುತಿರುಳು, ಅಂದ್ರೆ ಕಾಂಡದ ನಟ್ಟನಡುವಿನ ಮೆತ್ತನೆ ಎಳೆ, ಯಾವ ಕಾಲಲ್ಲೂ ಬರದ ಹಾಗೆ ಕೊಯ್ಯಿಸ್ಬೇಕು, ಅದಿದ್ರೆ ಎಷ್ಟು ನಿಧಾನವಾಗಿ ಒಣಗಿಸಿದ್ರೂ ಸೀಳು ಬಿಟ್ಟೇಬಿಡುತ್ತೆ.

ಒಣಗಿಸೋದೇ ಅಸಲಿ ಕೆಲಸ. ಇಲ್ಲಿ ಏಪ್ರಿಲ್ ಮೇ ಬಿಸಿಲಿಗೆ ಇಟ್ರೆ ಮೇಲ್ಪದರ ಮಾತ್ರ ಒಣಗಿ ಒಳಗೆ ಹಸಿ ಉಳ್ಕೊಂಡು ಸೀಳುತ್ತೆ. ನೆರಳಲ್ಲಿ, ಗಾಳಿ ಆಡೋ ಕಡೆ, ಮಧ್ಯೆ ರೀಪು ಕೊಟ್ಟು ಜೋಡಿಸಿ, ಎರಡೂ ತುದಿಗೆ ಹಳೇ ಪೇಂಟು ದಪ್ಪಗೆ ಬಳಿದೆ, ಯಾಕಂದ್ರೆ ತುದಿಯಿಂದ ನೀರು ಬೇಗ ಹೋಗುತ್ತೆ. ತೇವ ಅಳೆಯೋ ಮಾಯಿಶ್ಚರ್ ಮೀಟರ್ ಇಲ್ದಿದ್ರೂ ನಡೆಯುತ್ತೆ: ಒಂದು ತುಂಡಿನ ತೂಕ ಸೀಮೆಸುಣ್ಣದಲ್ಲಿ ಅದರ ಮೇಲೇ ಬರೀತಾ ಹೋಗಿ, ಬೇಸಿಗೇಲಿ ತೂಕ ಇಳಿಯೋದು ನಿಂತ್ರೆ ಆಯ್ತು, ಅಷ್ಟು ದಪ್ಪ ಮರ ಗಾಳೀಲಿ ಒಣಗೋಕೆ ವರ್ಷಗಳೇ ಬೇಕು. "ಒಣಗೈತೆ ಒಣಗೈತೆ" ಅನ್ನೋ ಮರದ ಡಿಪೋದವರ ಮಾತು ಮಾತ್ರ ನಂಬಬೇಡಿ.

ಅಷ್ಟು ಕಾಯೋಕಾಗಲ್ಲ ಅನ್ನೋದಕ್ಕೇ ಮೇಲ್ಹಲಗೆಗೆ ಹಳೇ ಮನೆ ಮಾಲು ತಗೊಂಡಿದ್ದು. ಹಳ್ಳಿ ಕಡೆ ಮಾಳಿಗೆ ಮನೆ ಕೆಡವಿದಾಗ ತೊಲೆ ಜಂತಿ ಮಾರ್ತಾರಲ್ಲ, ಒಂದು ತಲೆಮಾರು ಸೂರಿನಡಿ ಒಣಗಿದ ಮರ ಅದು. ಹೊಗೆ ಹಿಡಿದು ಎಲ್ಲಾ ಕರಿ ಬಣ್ಣ, ಯಾವ ಮರ ಅಂತ ಮೇಲೆ ನೋಡಿದ್ರೆ ಗೊತ್ತಾಗಲ್ಲ. ಚಿತ್ರದುರ್ಗದ ಕಡೆ ಮನೆಗಳಲ್ಲಿ ಕಮರ ಅನ್ನೋ ಮರದ ತೊಲೆನೂ ಇರಬಹುದು, ಅದು ನೀರಲ್ಲಿ ಮುಳುಗೋಷ್ಟು ಭಾರ, ಬೆಂಚಿಗೆ ಚೆನ್ನಾಗೇ ಇರುತ್ತೆ ಆದ್ರೆ ರಂದದ ಬ್ಲೇಡು ಮಸೆದೂ ಮಸೆದೂ ಸಾಕಾಗುತ್ತೆ. ನನಗೆ ಹೊನ್ನೆ ಅಂತ ಅನುಮಾನ ಬಂದಿದ್ದಕ್ಕೆ ಒಂದು ಮೂಲೇಲಿ ಚೂರು ಹೆರೆದು ಆ ಪುಡೀನ ಗಾಜಿನ ಲೋಟದ ನೀರಿಗೆ ಹಾಕ್ದೆ. ಸ್ವಲ್ಪ ಹೊತ್ತಿಗೆ ನೀರು ಹಾಲಿಲ್ಲದ ಟೀ ಬಣ್ಣ ಆಯ್ತು, ಲೋಟ ಬೆಳಕಿಗೆ ಹಿಡಿದು ಓರೆಯಾಗಿ ನೋಡಿದ್ರೆ ಅಂಚಲ್ಲಿ ನೀಲಿ ಹೊಳಪು. ಹೊನ್ನೆನೇ. ಶುಗರ್ ಇರೋರು ನೀರಿಟ್ಟು ಕುಡಿಯೋ ಹೊನ್ನೆ ಲೋಟದಲ್ಲೂ ಇದೇ ಬಣ್ಣ ಬಿಡೋದು.

ಕೊಯ್ಯೋಕೆ ಮುಂಚೆ ಇಡೀ ತೊಲೆ ಮೇಲೆ ಮ್ಯಾಗ್ನೆಟ್ ಆಡಿಸಿ, ಮುರಿದು ಒಳಗೇ ಉಳಿದ ಮೊಳೆ ಇದ್ದೇ ಇರ್ತವೆ, ಬ್ಲೇಡಿಗೆ ಸಿಕ್ರೆ ಮಿಲ್ಲಿನವನು ಮತ್ತೆ ನಿಮ್ಮ ಮರ ಮುಟ್ಟಲ್ಲ. ಅಗಲ ಹಲಗೆ ಮಾಡದೆ ಮೂರಿಂಚು ದಪ್ಪದ ಪಟ್ಟಿ ಕೊಯ್ಸಿ, ತುದೀಲಿ ಕಾಣೋ ಉಂಗುರದ ಗೆರೆ ಆದಷ್ಟು ನೆಟ್ಟಗೆ ನಿಲ್ಲೋ ಹಾಗೆ ತಿರುಗಿಸಿ ಅಂಟಿಸ್ದೆ. ಗೆರೆ ಮಲಗಿದ್ರೆ ಅಗಲದಲ್ಲಿ ಹಿಗ್ಗೋದು ಕುಗ್ಗೋದು ಸುಮಾರು ದುಪ್ಪಟ್ಟು, ಎರಡಡಿ ಅಗಲದಲ್ಲಿ ಮಳೆಗಾಲಕ್ಕೂ ಬೇಸಿಗೆಗೂ ಕಾಲಿಂಚಿನಷ್ಟು ವ್ಯತ್ಯಾಸ ಬರಬಹುದು. ಅದಕ್ಕೇ ಮೇಲ್ಹಲಗೆನ ಕಾಲಿಗೆ ಬಿಗಿಯೋ ಬೋಲ್ಟಿನ ತೂತು ಉದ್ದುದ್ದ ಮಾಡ್ದೆ, ಮರ ಓಡಾಡ್ಲಿ ಅಂತ. ಹೊನ್ನೆಯ ಒಂದೇ ತಕರಾರು, ಒದ್ದೆ ಆದ್ರೆ ಬಣ್ಣ ಬಿಡುತ್ತೆ, ಬೆಳ್ಳಗಿರೋ ಮರ ಅದರ ಮೇಲೆ ಒದ್ದೆ ಇದ್ದಾಗ ಇಡಬೇಡಿ. ಕಾಲಿನಡಿ ಒಂದೊಂದು ಕಡಪ ಕಲ್ಲಿನ ತುಂಡು ಕೊಟ್ಟಿದೀನಿ, ನೆಲದ ತೇವ ಏರದ ಹಾಗೆ.

ಕೆಲಸದ ಮರ ಕಚ್ಚಿ ಹಿಡಿಯೋ ವೈಸಿನ ದವಡೆಗೆ, ಅದು ಜಾರದ ಹಾಗೆ ಬೆಂಚಿನ ತೂತಿಗೆ ಸಿಕ್ಕಿಸೋ ಗೂಟಗಳಿಗೆ ಮಾತ್ರ ಬಳ್ಳಾರಿ ಜಾಲಿ ಹಾಕ್ದೆ. ನಗಬೇಡಿ, ಸೌದೆ ಅಂತ ಒಲೆಗೆ ಹಾಕೋ ಅದೇ ಮರ. ಅಂಕುಡೊಂಕು, ದೊಡ್ಡ ತುಂಡು ಸಿಗಲ್ಲ ನಿಜ, ಆದ್ರೆ ಒಣಗಿದ್ಮೇಲೆ ತೇಗಕ್ಕಿಂತ ಗಟ್ಟಿ, ಹಿಗ್ಗೋದು ಕುಗ್ಗೋದೂ ಬಹಳ ಕಮ್ಮಿ, ಮಳೆಗಾಲದಲ್ಲೂ ಗೂಟ ತೂತಲ್ಲಿ ಕಚ್ಕೊಳ್ಳಲ್ಲ.